ಸಹೋದ್ಯೋಗಿಗಳು ನಾಟಕಕ್ಕೆ ಹೋದ ರಾತ್ರಿ: ಒಂದು ಸಿಟ್‌ಕಾಂ (ಟಿವಿ ಹಾಸ್ಯ ಸರಣಿ) ಕಂತು ಬರೆಯುವ ಸಮಗ್ರ ಮಾರ್ಗದರ್ಶಿ

ಆಫೀಸಿನಲ್ಲಿ ಮುಜುಗರವಾದರೆ ತಪ್ಪಿಸಿಕೊಳ್ಳೋದಕ್ಕೆ ನೂರು ದಾರಿ. ಫೋನ್ ಬಂತೆಂದು ಎದ್ದು ಹೋಗಬಹುದು, ನೀರು ಕುಡಿದು ಬರುತ್ತೇನೆ ಎನ್ನಬಹುದು, ಏನೂ ತೋಚದಿದ್ದರೆ ಕಂಪ್ಯೂಟರಿನೊಳಗೆ ಮುಖ ಹುದುಗಿಸಬಹುದು. ನಾಟಕ ಮಂದಿರದಲ್ಲಿ ಇದ್ಯಾವುದೂ ನಡೆಯುವುದಿಲ್ಲ. ದೀಪ ಆರಿತೆಂದರೆ, ಪಕ್ಕದಲ್ಲಿ ಯಾರಿದ್ದಾರೋ ಅವರ ಮೊಣಕೈಗೆ ಮೊಣಕೈ ತಾಗಿಸಿಕೊಂಡು, ತುಟಿ ಪಿಟಕ್ಕೆನ್ನದೆ ಕೂತಿರಬೇಕು. ದಿನವಿಡೀ ಒಬ್ಬರನ್ನೊಬ್ಬರು ನಾಜೂಕಾಗಿ ತಪ್ಪಿಸಿಕೊಂಡು ಓಡಾಡುವ ಜನರನ್ನು ಹೀಗೆ ಸಾಲಾಗಿ ಕೂರಿಸಿಬಿಟ್ಟರೆ ಅರ್ಧ ಕಂತು ಬರೆದ ಹಾಗೆಯೇ.

ಉಳಿದರ್ಧದಲ್ಲಿ ಬಹಳ ಜನ ಎಡವುತ್ತಾರೆ. ನಾಟಕ ಅಂದ ಕೂಡಲೇ ಪೆನ್ನು ರಂಗದ ಮೇಲೆ ಹತ್ತಿಬಿಡುತ್ತದೆ: ಮೀಸೆ ಕಳಚಿತು, ಪರದೆ ಬಿತ್ತು, ರಾಜ ಮಾತು ಮರೆತ. ನನ್ನ ಮೊದಲ ಕರಡೂ ಹೀಗೇ ಇತ್ತು. ಸುತ್ತ ಕೂತು ಓದಿದಾಗ ಯಾರೂ ನಗಲಿಲ್ಲ. ನಾವು ವಾರವಾರವೂ ಕಾದು ನೋಡುವುದು ಆ ಆಫೀಸಿನ ಜನರನ್ನು, ರಾಜನ ಮೀಸೆಯನ್ನಲ್ಲ ಎನ್ನುವುದು ಆಗ ತಿಳಿಯಿತು. ಈ ಕಂತಿನ ನಗೆಯೆಲ್ಲ ಸೀಟುಗಳಲ್ಲಿದೆ. ಕೆಳಗಿನ ಹಂತಗಳೆಲ್ಲ ಅದನ್ನು ಅಲ್ಲಿಂದ ಹೊರಗೆ ತೆಗೆಯುವ ಬಗೆ.

ಹಂತ 1: ಯಾಕೆ ಹೋಗುತ್ತಿದ್ದಾರೆ?

"ಎಲ್ಲರೂ ಸೇರಿ ಒಂದು ನಾಟಕಕ್ಕೆ ಹೋದರು" ಅಂದರೆ ಕಥೆಯಾಗಲಿಲ್ಲ. ತಮ್ಮಲ್ಲೇ ಒಬ್ಬರು ಪಾತ್ರ ಮಾಡುತ್ತಿದ್ದಾರೆ, ಕರೆದಿದ್ದಾರೆ, ಇಲ್ಲ ಅನ್ನಲು ಬಾಯಿ ಬರಲಿಲ್ಲ. ಇದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿಲ್ಲ. ಇಲ್ಲಿ ಮೂರು ಜನರನ್ನು ಮೊದಲೇ ಗುರುತಿಸಿಕೊಳ್ಳಿ: ಕರೆದವರು ಯಾರು, ಅವರು ನಿಜವಾಗಿ ಯಾರು ಬರಲಿ ಅಂತ ಕಾಯುತ್ತಿದ್ದಾರೆ, ಇಷ್ಟವಿಲ್ಲದೆಯೂ ಬಂದವರು ಯಾರು.

ಇದಕ್ಕೆ ಅಚ್ಚುಕಟ್ಟಾದ ಉದಾಹರಣೆ ಅಮೆರಿಕದ 'ದಿ ಆಫೀಸ್' ಸರಣಿಯಲ್ಲಿದೆ. 2010ರ ಅಕ್ಟೋಬರ್ 7ರಂದು ಪ್ರಸಾರವಾದ 'ಆಂಡೀಸ್ ಪ್ಲೇ' ಕಂತಿನಲ್ಲಿ ಆಂಡಿ ಊರಿನ ಹವ್ಯಾಸಿ ತಂಡವೊಂದರ 'ಸ್ವೀನಿ ಟಾಡ್' ಪ್ರದರ್ಶನದಲ್ಲಿ ಪಾತ್ರ ಮಾಡುತ್ತಾನೆ, ಆಫೀಸಿನವರನ್ನೆಲ್ಲ ಕರೆಯುತ್ತಾನೆ. ಬಾಸ್ ಮೈಕಲ್ ಅದೇ ನಾಟಕದ ಆಯ್ಕೆಗೆ ಹೋಗಿ ಪಾತ್ರ ಸಿಗದೆ ಬಂದವನು. ಆ ನೋವನ್ನು ಹೊತ್ತೇ ಪ್ರೇಕ್ಷಕರ ನಡುವೆ ಕೂರುತ್ತಾನೆ. ಆಂಡಿಗೆ ನಿಜವಾಗಿ ಬೇಕಾಗಿರುವುದು ತಾನು ಮೆಚ್ಚಿದ ಸಹೋದ್ಯೋಗಿ ಎರಿನ್ ನೋಡಬೇಕು ಅನ್ನುವುದು. ಎರಿನ್ ಮಾತ್ರ ಅದೇ ಆಫೀಸಿನ ಜಿಮ್ ಮತ್ತು ಪ್ಯಾಮ್ ದಂಪತಿಯ ಮಗುವನ್ನು ನೋಡಿಕೊಳ್ಳಲು ಒಪ್ಪಿಕೊಂಡಿದ್ದಾಳೆ. ಒಬ್ಬ ರಂಗದ ಮೇಲೆ, ಒಬ್ಬ ಹೊಟ್ಟೆಕಿಚ್ಚಿನಲ್ಲಿ, ಬರಬೇಕಾದವಳು ಗೈರು. ಗಮನಿಸಿ, ಈ ಮೂರೂ ಪರದೆ ಏಳುವ ಮೊದಲೇ ಸಿದ್ಧವಾಗಿವೆ. ನಾಟಕ ಹೇಗೇ ನಡೆಯಲಿ, ಕಥೆ ಓಡುತ್ತದೆ.

ಈ ಮಾರ್ಗದರ್ಶಿಗಾಗಿ ನಾನು ಒಂದು ಬೇರೆ ಕಥೆ ಹೆಣೆಯುತ್ತೇನೆ. ಅಕೌಂಟ್ಸ್ ವಿಭಾಗದ ಒಬ್ಬ ಮಿತಭಾಷಿ. ಹದಿನೈದು ವರ್ಷ ಅದೇ ಮೇಜು. ಅವನಿಗೆ ಶೇಕ್ಸ್‌ಪಿಯರನ 'ಹ್ಯಾಮ್ಲೆಟ್'ನಲ್ಲಿ ರಾಜನ ಮಂತ್ರಿ ಪೊಲೋನಿಯಸ್ ಪಾತ್ರ ಸಿಕ್ಕಿದೆ. ತನಗೆ ಕೆಲಸ ಕಲಿಸಿದ, ಬರುವ ತಿಂಗಳು ನಿವೃತ್ತಿಯಾಗಲಿರುವ ಹಿರಿಯ ಸಹೋದ್ಯೋಗಿ ಬಂದು ನೋಡಲಿ ಎಂಬುದೊಂದೇ ಅವನ ಆಸೆ. ಮ್ಯಾನೇಜರ್ ಗುಟ್ಟಾಗಿ ಅದೇ ಪಾತ್ರಕ್ಕೆ ಆಯ್ಕೆಗೆ ಹೋಗಿದ್ದ, ಸಿಕ್ಕಿರಲಿಲ್ಲ.

ಹಂತ 2: ನಾಟಕ ಯಾವುದು?

ಮೊದಲು ಒಂದು ವ್ಯವಹಾರದ ಮಾತು. ಹಕ್ಕುಸ್ವಾಮ್ಯವಿರುವ ನಾಟಕದ ಮಾತು, ಅದರಲ್ಲೂ ಹಾಡು, ತೆರೆಯ ಮೇಲೆ ಬರಬೇಕಾದರೆ ಅನುಮತಿ ಬೇಕು, ಹಣ ಬೇಕು. 'ಸ್ವೀನಿ ಟಾಡ್' ಸಂಗೀತ ನಾಟಕ 1979ರದು, ಅದರ ಹಾಡುಗಳನ್ನು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಶೇಕ್ಸ್‌ಪಿಯರ್ ತೀರಿಕೊಂಡದ್ದು 1616ರಲ್ಲಿ, ರಷ್ಯಾದ ನಾಟಕಕಾರ ಚೆಕಾಫ್ 1904ರಲ್ಲಿ. ಇವರ ಮೂಲ ಕೃತಿಗಳಿಗೆ ಯಾರ ಅಪ್ಪಣೆಯೂ ಬೇಡ. ಆದರೆ ಇತ್ತೀಚಿನ ಅನುವಾದಕ್ಕೆ ಅನುವಾದಕರ ಪ್ರತ್ಯೇಕ ಹಕ್ಕಿರುತ್ತದೆ, ಮರೆಯಬೇಡಿ. ಬೇಕಾದ ನಾಲ್ಕು ಸಾಲುಗಳನ್ನು ಮೂಲದಿಂದ ನೀವೇ ಅನುವಾದಿಸಿಕೊಳ್ಳುವುದು ಕ್ಷೇಮ.

ನೀವೇ ಒಂದು ಕೆಟ್ಟ ನಾಟಕ ಕಟ್ಟಿ ಗೇಲಿ ಮಾಡಬಹುದಲ್ಲ ಅಂತ ಅನಿಸುತ್ತದೆ. ಬೇಡ. ನೋಡುಗರಿಗೆ ಗೊತ್ತಿರುವ ನಾಟಕವಾದರೆ ವಿವರಣೆಗೆ ಸಮಯ ಹೋಗುವುದಿಲ್ಲ. ಜೊತೆಗೆ ಒಳ್ಳೆಯ ನಾಟಕದಲ್ಲಿ ನಿಮ್ಮ ಆಫೀಸಿನ ಯಾರಿಗಾದರೂ ಚುರುಕ್ ಅನ್ನುವ ಒಂದು ಜಾಗ ಇದ್ದೇ ಇರುತ್ತದೆ. 'ಹ್ಯಾಮ್ಲೆಟ್'ನ ಮೂರನೇ ಅಂಕದ ಎರಡನೇ ದೃಶ್ಯದಲ್ಲಿ ರಾಜಕುಮಾರ ಹ್ಯಾಮ್ಲೆಟ್ ರಾಜನ ಮುಂದೆ ನಾಟಕ ಆಡಿಸುತ್ತಾನೆ. ಅಣ್ಣನನ್ನು ಕೊಂದ ತನ್ನ ಪಾಪವೇ ಎದುರಿಗೆ ನಡೆಯುವುದನ್ನು ಕಂಡ ರಾಜ ದೀಪ ತರಿಸಿಕೊಂಡು ಎದ್ದು ಹೋಗುತ್ತಾನೆ. ಎಲ್ಲರ ಕಣ್ಣೂ ರಂಗದ ಮೇಲಿದ್ದರೆ ರಾಜಕುಮಾರನ ಕಣ್ಣು ಪ್ರೇಕ್ಷಕನ ಮೇಲೆ. ನಮ್ಮ ಕ್ಯಾಮೆರಾ ಮಾಡಬೇಕಾದದ್ದೂ ಇದನ್ನೇ.

ಪೊಲೋನಿಯಸ್‌ನನ್ನು ಆರಿಸಿಕೊಂಡದ್ದಕ್ಕೂ ಕಾರಣವಿದೆ. ಅವನು ಪರದೆಯ ಹಿಂದೆ ನಿಂತು ಬೇರೆಯವರ ಮಾತು ಕದ್ದು ಕೇಳುವವನು, ಅಲ್ಲೇ ಇರಿತಕ್ಕೆ ಸಾಯುವವನು. ಕಂತಿನ ಮೊದಲ ನಿಮಿಷದಲ್ಲಿ ಮ್ಯಾನೇಜರ್ ಗಾಜಿನ ವಿಭಾಜಕದ ಹಿಂದೆ ನಿಂತು ಸಿಬ್ಬಂದಿಯ ಮಾತು ಕೇಳಿಸಿಕೊಂಡಿದ್ದನ್ನು ತೋರಿಸಿಬಿಟ್ಟರೆ, ಪರದೆ ಅಲುಗಾಡಿದ ಹೊತ್ತಿಗೆ ಐದು ಜನ ತಲೆ ತಿರುಗಿಸದೆಯೇ ಮ್ಯಾನೇಜರನ್ನು ನೋಡುತ್ತಾರೆ. ಒಂದು ಮಾತೂ ಬೇಕಾಗಿಲ್ಲ.

ಹಂತ 3: ಸೀಟಿನ ನಕ್ಷೆ

ಸಂಭಾಷಣೆ ಬರೆಯುವ ಮೊದಲು ಒಂದು ಹಾಳೆಯಲ್ಲಿ ಏಳು ಚೌಕ ಎಳೆಯಿರಿ. ಯಾರು ಎಲ್ಲಿ ಕೂರುತ್ತಾರೆ ಎನ್ನುವುದು ತೀರ್ಮಾನವಾದರೆ ದೃಶ್ಯಗಳು ತಾವಾಗಿ ಹುಟ್ಟುತ್ತವೆ. ಒಂದು ಇಡೀ ದಿನ ಇದಕ್ಕೇ ಕೊಟ್ಟರೂ ನಷ್ಟವಿಲ್ಲ.

ಕೆಲವು ಸೂತ್ರಗಳು ನನಗೆ ಕೈಕೊಟ್ಟಿಲ್ಲ. ಜಗಳವಾಡಿದ ಇಬ್ಬರನ್ನು ಪಕ್ಕಪಕ್ಕ ಕೂರಿಸುವುದಕ್ಕಿಂತ, ನಡುವೆ ಏನೂ ತಿಳಿಯದ ಒಬ್ಬರನ್ನು ಕೂರಿಸಿದರೆ ಹೆಚ್ಚು ರಸ ಬರುತ್ತದೆ. ಪಿಸುಮಾತೆಲ್ಲ ಆ ಪಾಪದವರ ಮೂಗಿನ ಮುಂದೆಯೇ ಹಾದುಹೋಗಬೇಕು. ತಪ್ಪಿಸಿಕೊಂಡು ಹೋಗಬೇಕೆನ್ನುವವರನ್ನು ಸಾಲಿನ ನಟ್ಟನಡುವೆ ಕೂರಿಸಿ, ಎಷ್ಟು ಹೊತ್ತಾದರೂ ಕೂರಬಲ್ಲವರನ್ನು ಅಂಚಿನಲ್ಲಿ. ಎರಡು ಸೀಟಿನ ನಡುವೆ ಕೈಯಿಡಲು ಇರುವುದು ಒಂದೇ ಪಟ್ಟಿ. ಅದು ಮ್ಯಾನೇಜರದೋ ಹೊಸದಾಗಿ ಸೇರಿದ ಹುಡುಗಿಯದೋ ಎಂಬುದೇ ಎರಡು ನಿಮಿಷದ ಮೂಕ ಯುದ್ಧ. ಮತ್ತೆ, ಒಂದು ಸೀಟು ಖಾಲಿ ಇರಲಿ. ಅದರ ಮೇಲೆ ಯಾರೋ ಕೋಟು ಇಟ್ಟು ಕಾಯ್ದಿರಿಸಲಿ. ಆ ಖಾಲಿ ಸೀಟು ಇಡೀ ಕಂತಿನ ಹೃದಯ.

ನಮ್ಮ ಸಾಲು ಹೀಗಿದೆ: ಅಂಚಿನಲ್ಲಿ ಟೈಪಿಸ್ಟ್, ಪಕ್ಕದಲ್ಲಿ ಹೊಸ ಹುಡುಗಿ, ಆಮೇಲೆ ಕೈಯಲ್ಲಿ ಹೂಗುಚ್ಛ ಹಿಡಿದ ಮ್ಯಾನೇಜರ್, ನಂತರ ಹಿರಿಯರಿಗಾಗಿ ಖಾಲಿ ಸೀಟು, ಅದರಾಚೆ ಮೊನ್ನೆಯಷ್ಟೇ ಮಾತು ಬಿಟ್ಟ ಸೇಲ್ಸ್ ವಿಭಾಗದ ಇಬ್ಬರು, ಅವರ ನಡುವೆ ಇದೊಂದೂ ಗೊತ್ತಿಲ್ಲದ ಸೆಕ್ಯುರಿಟಿ. ಇಷ್ಟು ನೋಡಿದರೆ ಸಾಕು, ಏನೇನಾಗಬಹುದು ಎಂದು ನಿಮಗೇ ಕಾಣುತ್ತದೆ.

ತಡವಾಗಿ ಬರುವವರ ದೃಶ್ಯ ಬಿಡಬೇಡಿ. ಸಾಲಿನ ನಡುವಿನ ಸೀಟಿಗೆ ಹೋಗುವಾಗ ಕೂತವರತ್ತ ಮುಖ ಮಾಡಬೇಕೋ ಬೆನ್ನು ಮಾಡಬೇಕೋ ಎಂಬ ತೊಳಲಾಟ ಎಲ್ಲರ ಅನುಭವ. ಅದೂ ಬಾಸಿನ ಮಂಡಿಗೆ ಮಂಡಿ ತಾಗಿಸಿಕೊಂಡು ದಾಟಬೇಕಾದರೆ!

ಹಂತ 4: ಇಪ್ಪತ್ತೆರಡು ನಿಮಿಷದ ಹಂಚಿಕೆ

ಅಮೆರಿಕದ ವಾಹಿನಿಗಳ ಅರ್ಧ ಗಂಟೆಯ ಸಿಟ್‌ಕಾಂನಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಹತ್ತಿರಹತ್ತಿರ 22 ನಿಮಿಷ. ಈ ಅಳತೆ ಬರವಣಿಗೆಗೆ ಒಳ್ಳೆಯ ಶಿಸ್ತು. ಐದನೇ ನಿಮಿಷಕ್ಕೆ ಎಲ್ಲರೂ ಸೀಟಿನಲ್ಲಿರಬೇಕು. ಟಿಕೆಟ್ ಹುಡುಕಾಟ, ದಾರಿ ತಪ್ಪಿದ್ದು, ಏನು ಉಡುವುದು ಎಂಬ ಚರ್ಚೆ ಇವೆಲ್ಲ ಬರೆಯುವಾಗ ಖುಷಿ ಕೊಡುತ್ತವೆ. ಹೆಚ್ಚಿನದನ್ನು ಆಮೇಲೆ ಕತ್ತರಿಸಬೇಕಾಗುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಕಂತಿನ ನಟ್ಟನಡುವೆ ಮಧ್ಯಂತರ ಬರಲಿ. ಇದು ನಾಟಕದ ಮಂದಿರವೇ ನಿಮಗೆ ಕೊಟ್ಟ ಉಡುಗೊರೆ. ಅಷ್ಟು ಹೊತ್ತು ಅದುಮಿಟ್ಟುಕೊಂಡ ಮಾತೆಲ್ಲ ಹತ್ತು ನಿಮಿಷದಲ್ಲಿ ಸಿಡಿಯಬೇಕು, ಮುಂದಿನ ಬೆಲ್ ಆಗುವುದರೊಳಗೆ. ಬೆಲ್ ಯಾವಾಗಲೂ ಅತಿ ಮುಖ್ಯ ವಾಕ್ಯದ ಅರ್ಧಕ್ಕೆ ಹೊಡೆಯಲಿ. "ನಿನ್ನನ್ನ ಆ ಪ್ರಾಜೆಕ್ಟಿನಿಂದ ತೆಗೆದದ್ದು ನಾನಲ್ಲ, ಅದು..." ಟ್ರಿಣ್. ಇನ್ನರ್ಧ ವಾಕ್ಯವನ್ನು ಗಂಟಲಲ್ಲಿ ಇಟ್ಟುಕೊಂಡು ಆತ ಕತ್ತಲಲ್ಲಿ ಕೂರಬೇಕು.

ಉಪಕಥೆ ಒಂದು ಸಾಕು, ಅದು ಮಂದಿರದ ಹೊರಗಿರಲಿ. ನಮ್ಮಲ್ಲಿ ಹಿರಿಯರು ಆಫೀಸಿನಲ್ಲೇ ಉಳಿದಿದ್ದಾರೆ, ತಿಂಗಳ ಕೊನೆಯ ಲೆಕ್ಕ ತಾಳೆಯಾಗುತ್ತಿಲ್ಲ. ಖಾಲಿ ಆಫೀಸು, ಒಂದೇ ದೀಪ, ಎದುರಿಗೆ ಟಿಕೆಟ್. ಈ ದೃಶ್ಯಗಳನ್ನು ನಗಿಸಲು ಬರೆಯಬೇಡಿ. ನಡುನಡುವೆ ಅರ್ಧ ನಿಮಿಷದಂತೆ ಬಂದು ಹೋಗಲಿ.

ಹಂತ 5: ಮೌನವನ್ನು ಬರೆಯುವುದು

ಇಲ್ಲಿ ನಿಧಾನಿಸಿ. ಸಿಟ್‌ಕಾಂ ಬರೆಯುವವರು ಮಾತಿನ ಮಕ್ಕಳು. ಈ ಕಂತಿನಲ್ಲಿ ಮಾತೇ ನಿಷಿದ್ಧ. ಹಾಗಾಗಿ ಶಬ್ದಗಳನ್ನು ಪಾತ್ರಗಳ ಹಾಗೆ ಬೆಳೆಸಬೇಕು. ಒಂದೇ ವಸ್ತು ಆರಿಸಿಕೊಳ್ಳಿ. ಫೋನ್ ರಿಂಗಾಗುವುದು ಎಲ್ಲರಿಗೂ ಹೊಳೆಯುತ್ತದೆ, ಅದನ್ನು ಬದಿಗಿಡಿ. ನಾನು ಆರಿಸಿದ್ದು ಹೂಗುಚ್ಛ, ಅದಕ್ಕೆ ಸುತ್ತಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ.

ಮ್ಯಾನೇಜರ್ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಾನೆ. ಉಸಿರೆಳೆದರೆ ಚರ್ ಅನ್ನುತ್ತದೆ, ಬಿಟ್ಟರೆ ಪರ್ ಅನ್ನುತ್ತದೆ. ಮುಂದಿನ ಸಾಲಿನ ತಲೆಯೊಂದು ತಿರುಗುತ್ತದೆ. ಅವನು ಉಸಿರು ಬಿಗಿಹಿಡಿಯುತ್ತಾನೆ. ಮುಖ ಕೆಂಪಾಗುವವರೆಗೆ ತಡೆದು, ರಂಗದ ಮೇಲೆ ಯಾರಾದರೂ ಜೋರಾಗಿ ಕೂಗಿದಾಗ ಅದರ ಮರೆಯಲ್ಲಿ ಉಸಿರು ಬಿಡುತ್ತಾನೆ. ಇದೀಗ ಅವನು ನಾಟಕವನ್ನು ಏಕಾಗ್ರತೆಯಿಂದ ನೋಡುತ್ತಿದ್ದಾನೆ, ಮುಂದಿನ ಕೂಗು ಯಾವಾಗ ಬರುತ್ತದೆ ಎಂದು ಕಾಯುತ್ತಾ. ಅಷ್ಟರಲ್ಲಿ ಕಾಂಡದ ಬುಡಕ್ಕೆ ಸುತ್ತಿದ್ದ ಒದ್ದೆ ಹತ್ತಿಯಿಂದ ನೀರು ಇಳಿದು ಪ್ಯಾಂಟಿನ ಮೇಲೆ ಹರಡುತ್ತಿದೆ. ತಣ್ಣಗಾದಾಗ ಗೊತ್ತಾಗುತ್ತದೆ. ಮಧ್ಯಂತರಕ್ಕೆ ದೀಪ ಹತ್ತಲು ಇನ್ನು ನಾಲ್ಕು ನಿಮಿಷ.

ಹೀಗೆ ಒಂದು ವಸ್ತುವಿನಿಂದ ಮೂರು ಮೆಟ್ಟಿಲು ಹತ್ತಿಸಿ: ಶಬ್ದ, ಉಸಿರು, ಒದ್ದೆ. ಬೇರೆಬೇರೆ ಮೂರು ತಮಾಷೆ ತುರುಕಿದರೆ ಈ ಏರಿಕೆ ಸಿಗುವುದಿಲ್ಲ.

ಹಂತ 6: ರಂಗದ ಮೇಲೆ ಒಂದೇ ಒಂದು ಎಡವಟ್ಟು

ಅದಕ್ಕಿಂತ ಮೊದಲು ಒಂದು ಮಾತು, ನಾನು ಮನಸಾರೆ ನಂಬಿರುವುದು. ಹವ್ಯಾಸಿ ನಟರನ್ನು ಗೇಲಿಗೆ ಒಡ್ಡಬೇಡಿ. ಹಗಲೆಲ್ಲ ದುಡಿದು, ರಾತ್ರಿ ತಾಲೀಮಿಗೆ ಹೋಗಿ, ಮುನ್ನೂರು ಸಾಲು ಬಾಯಿಪಾಠ ಮಾಡಿ ನಾಲ್ಕು ಜನರ ಮುಂದೆ ನಿಲ್ಲುವುದಕ್ಕೆ ಎದೆಗಾರಿಕೆ ಬೇಕು. ಶೇಕ್ಸ್‌ಪಿಯರನ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ಈ ವಿಷಯದಲ್ಲಿ ಪಾಠಶಾಲೆ. ನೇಕಾರ, ಬಡಗಿ, ದರ್ಜಿ, ಕಲಾಯಿ ಮಾಡುವವ, ತಿದಿ ರಿಪೇರಿಯವ ಸೇರಿ ಕಟ್ಟಿದ ನಾಟಕ ಐದನೇ ಅಂಕದಲ್ಲಿ ಅರಮನೆಯಲ್ಲಿ ನಡೆಯುತ್ತದೆ. ಒಬ್ಬ ಗೋಡೆಯಾಗಿ ನಿಲ್ಲುತ್ತಾನೆ; ಸಿಂಹದ ವೇಷದವನು ಹೆಂಗಸರು ಹೆದರಬಾರದೆಂದು ತಾನು ಬರೀ ಬಡಗಿ ಎಂದು ಹೇಳಿಕೊಳ್ಳುತ್ತಾನೆ. ದೊಡ್ಡವರು ಕೂತು ಚುಚ್ಚುಮಾತು ಆಡುತ್ತಲೇ ಇರುತ್ತಾರೆ. ನಾವು ನಗುತ್ತೇವೆ ನಿಜ, ಆದರೆ ನಮ್ಮ ಮನಸ್ಸು ಗೋಡೆಯಾದವನ ಕಡೆಗೇ ವಾಲುತ್ತದೆ. ನಾನೂರು ವರ್ಷ ಕಳೆದರೂ ಆ ದೃಶ್ಯ ಬದುಕಿರುವುದು ಆ ಪ್ರೀತಿಯಿಂದ.

ಆದ್ದರಿಂದ ನಮ್ಮ ಅಕೌಂಟೆಂಟ್ ಪಾತ್ರವನ್ನು ಚೆನ್ನಾಗಿಯೇ ಮಾಡಲಿ. ಸಹೋದ್ಯೋಗಿಗಳು ಬೆರಗಾಗಬೇಕು: ಇಷ್ಟು ದೊಡ್ಡ ದನಿ ಈ ಮನುಷ್ಯನೊಳಗೆ ಎಲ್ಲಿತ್ತು? ಎಡವಟ್ಟು ಬರುವುದು ಅವನ ಸಾವಿನ ನಂತರ. ಮೂರನೇ ಅಂಕದ ನಾಲ್ಕನೇ ದೃಶ್ಯದಲ್ಲಿ ಪೊಲೋನಿಯಸ್ ಸಾಯುತ್ತಾನೆ, ದೃಶ್ಯ ಮಾತ್ರ ಮುಗಿಯುವುದಿಲ್ಲ. ತಾಯಿ ಮಗನ ದೀರ್ಘ ಮಾತುಕತೆ ನಡೆಯುವಷ್ಟು ಹೊತ್ತೂ ಹೆಣ ಅಲ್ಲೇ ಬಿದ್ದಿರುತ್ತದೆ. ಕೊನೆಗೆ ಹ್ಯಾಮ್ಲೆಟ್ ಅದನ್ನು ಎಳೆದುಕೊಂಡು ಹೋಗುತ್ತಾನೆ. ಬರವಣಿಗೆಯಲ್ಲಿ ಅದು ಹೀಗೆ ಕಾಣುತ್ತದೆ:

ಒಳಾಂಗಣ. ಮೂರನೇ ಸಾಲು. ರಾತ್ರಿ.
ರಂಗದ ಮೇಲೆ ಹೆಣ, ಮುಖ ಪ್ರೇಕ್ಷಕರ ಕಡೆಗೆ.
ಹೊಸ ಹುಡುಗಿ: (ಪಿಸುದನಿ) ಇನ್ನು ಇವರದ್ದು ಇಲ್ವಾ?
ಟೈಪಿಸ್ಟ್: ಸತ್ತೋದ್ರಲ್ಲ.
ಹೊಸ ಹುಡುಗಿ: ಹಾಗಾದ್ರೆ ನಾವು ಇನ್ನೂ...
ಟೈಪಿಸ್ಟ್: ಎರಡು ಅಂಕ ಇದೆ.
ಸೆಕ್ಯುರಿಟಿ: (ಸಹಜ ದನಿಯಲ್ಲಿ) ಉಸಿರಾಡ್ತಾ ಇದಾರೆ ನೋಡಿ!
ಇಡೀ ಸಾಲು: ಶ್!
ಹೆಣದ ಕಣ್ಣು ಒಂದು ಕೂದಲೆಳೆಯಷ್ಟು ತೆರೆಯುತ್ತದೆ. ಅವನ ನೋಟದಲ್ಲಿ: ಆರು ಮುಖ, ಒಂದು ಕೋಟು ಇಟ್ಟ ಖಾಲಿ ಸೀಟು.

ನಗೆಯಿಂದ ನೋವಿಗೆ ಒಂದೇ ಹೆಜ್ಜೆಯಲ್ಲಿ ದಾಟುವುದು ಸಾಧ್ಯವಾಗಿದ್ದು ಅವನು ಅಲುಗಾಡುವಂತಿಲ್ಲ ಎಂಬ ನಿಯಮದಿಂದ. ಎದ್ದು ನೋಡುವಂತಿಲ್ಲ, ಕೇಳುವಂತಿಲ್ಲ. ಇದೇ ಕ್ಷಣಕ್ಕೆ ಹಿಂದಿನ ಬಾಗಿಲು ತೆರೆದು ಬೆಳಕಿನ ಗೆರೆಯೊಂದು ಬೀಳಲಿ. ಹಿರಿಯರು ಬಂದಿದ್ದಾರೆ, ಅವನ ಪಾತ್ರ ಮುಗಿದ ಮೇಲೆ. ಅವರು ಕಂಡದ್ದು ಅವನ ಹೆಣವನ್ನಷ್ಟೇ. ಹೆಣ ಮುಗುಳ್ನಗುತ್ತದೆ. ಅದೇ ನಾವು ಕಾಯುತ್ತಿದ್ದ ಎಡವಟ್ಟು.

ಹಂತ 7: "ಹೇಗಿತ್ತು?"

ನಾಟಕ ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳುತ್ತಾ ನಟ ಹೊರಗೆ ಬಂದು ಈ ಒಂದು ಪದ ಕೇಳುತ್ತಾನೆ. ಅಭಿಪ್ರಾಯ ಹೇಳಲಾಗದವರು ಏನು ಹೇಳುತ್ತಾರೆ ಎಂಬುದನ್ನು ಕಿವಿಗೊಟ್ಟು ಕೇಳಿ ಬರೆದಿಟ್ಟುಕೊಳ್ಳಿ. "ಕಾಸ್ಟ್ಯೂಮ್ ತುಂಬಾ ಚೆನ್ನಾಗಿತ್ತು." "ಅಷ್ಟೊಂದು ಡೈಲಾಗ್ ಹೇಗೆ ನೆನಪಿಟ್ಕೊಂಡ್ರಿ?" "ಲೈಟಿಂಗ್ ಸೂಪರ್." "ಎಷ್ಟು ದಿನದ ಪ್ರಾಕ್ಟೀಸು?" ಒಂದರಲ್ಲೂ ಸುಳ್ಳಿಲ್ಲ, ಒಂದರಲ್ಲೂ ಉತ್ತರವಿಲ್ಲ. ಪ್ರತಿ ಪಾತ್ರಕ್ಕೂ ಅವರವರ ಸ್ವಭಾವದ ಒಂದೊಂದು ನುಣುಚು ಮಾತು ಕೊಡಿ. ಸೆಕ್ಯುರಿಟಿ ಮಾತ್ರ ನೇರವಾಗಿ ಕೇಳಲಿ: "ಸತ್ತ ಮೇಲೆ ಯಾಕ್ ಸಾರ್ ನಕ್ಕಿದ್ದು?"

ಮ್ಯಾನೇಜರನ ಸರದಿ ಕೊನೆಗೆ. ಒದ್ದೆ ಪ್ಯಾಂಟನ್ನು ಹೂಗುಚ್ಛದಿಂದ ಮರೆಮಾಡಿಕೊಂಡು ನಿಂತಿದ್ದಾನೆ. ಹೂ ಕೊಟ್ಟರೆ ಕಲೆ ಕಾಣುತ್ತದೆ, ಕೊಡದಿದ್ದರೆ ಹೊಟ್ಟೆಕಿಚ್ಚು ಕಾಣುತ್ತದೆ. ಅವನು ಕೊಡಬೇಕು. ಎಲ್ಲರೆದುರು ಕಲೆ ಕಾಣುವಂತೆ ಕೊಟ್ಟು, "ನಾನು ಮಾಡಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ" ಅನ್ನಬೇಕು. ಆಯ್ಕೆಗೆ ಹೋಗಿದ್ದ ಗುಟ್ಟು ಆ ಮಾತಿನಲ್ಲೇ ಹೊರಬೀಳುತ್ತದೆ. ಯಾರೂ ಕೆದಕುವುದಿಲ್ಲ. ಅವನಿಗೆ ಕ್ಷಮಾಪಣೆಯ ಭಾಷಣ ಬರೆದುಕೊಡಬೇಡಿ, ಈ ಒಂದು ವಾಕ್ಯ ಸಾಕು.

ಹಂತ 8: ಚಿತ್ರೀಕರಣವನ್ನು ಮನಸ್ಸಿನಲ್ಲಿಟ್ಟು ತಿದ್ದುವುದು

1951ರಲ್ಲಿ ಶುರುವಾದ 'ಐ ಲವ್ ಲೂಸಿ' ಮೂರು ಫಿಲ್ಮ್ ಕ್ಯಾಮೆರಾ ಹೂಡಿ, ಎದುರಿಗೆ ಪ್ರೇಕ್ಷಕರನ್ನು ಕೂರಿಸಿಕೊಂಡು ಚಿತ್ರೀಕರಿಸಿತು. ನೀವು ಬರೆಯುತ್ತಿರುವುದು ಅಂಥ ಸ್ಟುಡಿಯೋ ಸಿಟ್‌ಕಾಂ ಆದರೆ, ಪಿಸುಮಾತಿನ ಮೇಲೆ ನಗೆಯ ಅಲೆ ಬಂದು ಮುಂದಿನ ಪಿಸುಮಾತು ಮುಚ್ಚಿಹೋಗುತ್ತದೆ. ಸಾಲುಗಳ ನಡುವೆ ಒಂದು ಕ್ರಿಯೆ ಇಡಿ: ಕೈ ಜಾರುವುದು, ತಲೆ ತಿರುಗುವುದು. ಒಂದೇ ಕ್ಯಾಮೆರಾದ ಶೈಲಿಯಾದರೆ ಮೌನ ನಿಮ್ಮ ಕೈಯಲ್ಲಿದೆ, ಬೇಕಾದಷ್ಟು ಎಳೆಯಬಹುದು.

ಸೀಟಿನ ದೃಶ್ಯಗಳನ್ನೆಲ್ಲ ಒಟ್ಟಿಗೆ ತೆಗೆಯುತ್ತಾರೆ. ಆಗ ಎದುರಿನ ರಂಗ ಖಾಲಿ ಇರುವುದೇ ಹೆಚ್ಚು, ನಟರು ಒಂದು ಗುರುತನ್ನು ನೋಡುತ್ತಾ ಅಭಿನಯಿಸುತ್ತಾರೆ. ಹಾಗಾಗಿ ಪ್ರತಿ ಪ್ರತಿಕ್ರಿಯೆಯ ಪಕ್ಕದಲ್ಲೂ ರಂಗದ ಮೇಲೆ ಆ ಹೊತ್ತಿಗೆ ಏನು ನಡೆಯುತ್ತಿದೆ ಎಂದು ಒಂದು ಸಾಲು ಬರೆದಿಡಿ. "ಅವಳು ಬೆಚ್ಚುತ್ತಾಳೆ" ಸಾಲದು. "ಪರದೆಗೆ ಕತ್ತಿ ಇಳಿದಾಗ ಅವಳು ಬೆಚ್ಚುತ್ತಾಳೆ" ಅಂತಿರಲಿ.

ಒಂದು ಪುಟಕ್ಕೆ ಒಂದು ನಿಮಿಷ ಎನ್ನುವ ಲೆಕ್ಕವೂ ಇಲ್ಲಿ ಕೈಹಿಡಿಯುವುದಿಲ್ಲ. ಹೂಗುಚ್ಛದ ಅರ್ಧ ಪುಟ ತೆರೆಯ ಮೇಲೆ ಒಂದೂವರೆ ನಿಮಿಷ ತಿನ್ನಬಹುದು. ಎಲ್ಲರೂ ಸುತ್ತ ಕೂತು ಓದುವ ದಿನ ಒಬ್ಬರಿಗೆ ಕ್ರಿಯೆಯ ಸಾಲುಗಳನ್ನು ಓದಲು ಹೇಳಿ. ಗಡಿಬಿಡಿಯಲ್ಲಿ ಮುಗಿಸಲು ಬಿಡಬೇಡಿ. ಮ್ಯಾನೇಜರ್ ಉಸಿರು ಬಿಗಿಹಿಡಿಯುವ ಕಡೆ ಓದುವವರೂ ಉಸಿರು ಬಿಗಿಹಿಡಿಯಲಿ, ಸ್ಟಾಪ್‌ವಾಚ್ ಓಡುತ್ತಿರಲಿ. ಕೋಣೆಯಲ್ಲಿ ಮೊದಲ ನಗು ಎಷ್ಟನೇ ಸೆಕೆಂಡಿಗೆ ಬಂತೆಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಸಂಕಲನಕಾರರಿಗೆ ಆ ಹಾಳೆಯನ್ನೇ ಕೊಡಿ.